ಗಡಿ ದಾಟದ ಬುಟ್ಟಿ

ಅಂದು ಮುಂಜಾನೆ ಗಾಳಿ ಸತ್ತಿತ್ತು. ಆಷಾಢ ಅಂದರೆ ಗಾಳಿಯದೇ ತಿಂಗಳು. ಗುಡಿಸಲ ಹುಲ್ಲು ಕಿತ್ತು, ಕಣ್ಣಿಗೆ ಮಣ್ಣು ತೂರಿ, ಹೊಲದ ಬೆದರುಬೊಂಬೆಯ ಅಂಗಿಯನ್ನೂ ಬಿಡದೆ ಹಾರಿಸಿಕೊಂಡು ಹೋಗುವ ಗಾಳಿ. ಅಂಥದ್ದು ಅಂದು ಬೇವಿನ ಒಂದೆಲೆಯೂ ಅಲುಗಲಿಲ್ಲ. ಮೋಡ, ಬೂದಿ ಮೆತ್ತಿದ ಹಂಚಿನ ಹಾಗೆ ತಲೆಯ ಮೇಲೆ ಕವುಚಿ ಕೂತಿತ್ತು. ಒಂದು ಹನಿ ಉದುರಿಸಲಿಲ್ಲ. ಆ ಹಂಚಿನ ಕೆಳಗೆ, ಮುತ್ತಲಗಡ್ಡಿಗೂ ಮರಳಿಗೂ ನಡುವಿನ ಗಡಿಕಲ್ಲಿನ ಬಗಲಲ್ಲಿ, ದುರಗಮ್ಮ ತನ್ನ ಹಡೆದವ್ವನಿಗೆ ಕುಣಿ ತೋಡುತ್ತಿದ್ದಳು.

"ಏಯ್ ಬೋಸುಡಿ! ಈ ಕಡಿ ಅಲ್ಲ. ಕಲ್ಲಿನ ಆ ಕಡಿ ತೋಡು!"

ಕೂಗಿದವನು ಮುತ್ತಲಗಡ್ಡಿಯ ಗೌಡರ ಆಳು ಅಂದಪ್ಪ. ದೂರದ ಬದುವಿನ ಮೇಲೆ ಮೂಗಿಗೆ ವಸ್ತ್ರ ಕಟ್ಟಿಕೊಂಡು ಕೂತಿದ್ದ.

"ಆ ಕಡಿ ಮರಳಿಯವರದು ಐತ್ರಿ," ಅಂದಳು ದುರಗಮ್ಮ, ಗುದ್ದಲಿ ನಿಲ್ಲಿಸದೆ.

"ಮರಳಿಯವರದಾದ್ರ ಅವರ ಹಣೇಬಾರ. ನಮ್ಮ ಸೀಮಿಯೊಳಗ ನಿಮ್ಮವ್ವನ ಹೆಣ ಒಂದು ಗೇಣು ಬಂತೋ, ಅದ ಕುಣ್ಯಾಗ ನಿನ್ನೂ ಹಾಕಿ ಮುಚ್ಚತೀನಿ."

"ಹಂಗಾದ್ರ ಬರ್ರಿ, ಹಗ್ಗ ಹಿಡದು ಅಳದು ತೋರಸ್ರಿ. ಗೇಣು ಅಂದ್ರ ನಿಮ್ಮ ಗೇಣೋ ನಮ್ಮ ಗೇಣೋ ನನಗ ತಿಳೀವಲ್ದು."

ಅಂದಪ್ಪ ಬರಲಿಲ್ಲ. ಬರುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು. ಕೇರಿಯ ಗಂಡಸರೂ ಬಂದಿರಲಿಲ್ಲ. ಆ ಹೆಣಕ್ಕೆ ಕೈ ಹಚ್ಚಿದವನಿಗೆ ಸುಗ್ಗಿಯ ಕಣದಲ್ಲಿ ಒಂದು ಕಾಳು ಇಲ್ಲ, ಊರೊಳಗೆ ಜಾಗ ಇಲ್ಲ ಅಂತ ಗೌಡರು ಡಂಗುರ ಸಾರಿಸಿದ್ದರು. ಅದಕ್ಕೇ ಗುದ್ದಲಿಯೂ ಅವಳದೇ, ಮಣ್ಣು ಎತ್ತುವ ಕೈಯೂ ಅವಳದೇ.

ಮಾರು ದೂರದಲ್ಲಿ, ಜಾಲಿಗಿಡದ ಬುಡಕ್ಕೆ, ಆ ತಾಯಿ ಹುಲಗಮ್ಮ ಕೌದಿ ಹೊದ್ದು ಮಲಗಿದ್ದಳು. ಬದುಕಿದ್ದಾಗಲೂ ಹಾಗೇ ಮಲಗುವಳು, ಮೊಣಕಾಲು ಎದೆಗೆ ಹಚ್ಚಿಕೊಂಡು, ಇನ್ನೊಬ್ಬರಿಗೆ ಜಾಗ ಬಿಟ್ಟವಳ ಹಾಗೆ. ಅವಳ ಮಗ್ಗುಲಿಗೆ ಆ ಬುಟ್ಟಿ.

ಬುಟ್ಟಿಯ ಸಂಗತಿ ಆ ಸೀಮೆಯ ಕೂಸಿಗೂ ಗೊತ್ತು. ಊರಿಗೆ ವಾಂತಿಭೇದಿ ಬಂದರೆ ಅದನ್ನು ಬ್ಯಾನಿ ಅನ್ನುವಂತಿಲ್ಲ. ಅಮ್ಮ ಬಂದಳು ಅನ್ನಬೇಕು. ಬಂದ ಅಮ್ಮನನ್ನು ಕಳಿಸಿಕೊಡಬೇಕು. ಬಿದಿರ ಬುಟ್ಟಿಗೆ ಬೇವು ಹಾಸಿ, ಅರಿಶಿನ ಕುಂಕುಮ ಏರಿಸಿ, ಸಾವಾದ ಮನೆಮನೆಯಿಂದ ಸತ್ತವರ ಮೈಮೇಲಿನ ಒಂದೊಂದು ಅರಿವೆ ತಂದು ಹಾಕಿ, ಹೊಲಗೇರಿಯ ಕಡೆಮನೆಯ ಹೆಂಗಸಿನ ತಲೆಗೆ ಹೊರಿಸುತ್ತಾರೆ. ಅವಳು ತಿರುಗಿ ನೋಡದೆ ನಡೆದು ಮುಂದಿನ ಊರಿನ ಸೀಮೆಯೊಳಗೆ ಇಳಿಸಿ ಬರಬೇಕು. ಬಂದವಳಿಗೆ ಒಂದು ಸೀರೆ, ಒಂದು ಮೊರ ಜೋಳ. ಆ ಊರಿನವರು ತಮ್ಮ ಕೇರಿಯ ಹೆಂಗಸಿಗೆ ಹೊರಿಸಿ ಅದರ ಮುಂದಿನ ಊರಿಗೆ ಕಳಿಸುತ್ತಾರೆ. ಹೀಗೆ ಅಮ್ಮ ಊರೂರು ನಡೆಯುತ್ತಾಳೆ. ಕಾಲು ಮಾತ್ರ ಕೇರಿಯವರದು.

ಗೌಡರು ಹೊಸ ವಾಡೆ ಕಟ್ಟಿಸಿದ ವರ್ಷ ಹುಲಗಮ್ಮ ಮೊದಲ ಸಲ ಬುಟ್ಟಿ ಹೊತ್ತಳು. ಆಗ ದುರಗಮ್ಮ ಮರಳಿಯಲ್ಲಿ ಗಂಡನ ಮನೆಯಲ್ಲಿದ್ದಳು. ಅವಳಿಗೊಂದು ಹೆಣ್ಣುಕೂಸು, ಇನ್ನೂ ಹಾಲುಹಲ್ಲಿನದು. ಮುತ್ತಜ್ಜಿಯ ಹೆಸರು ಎತ್ತಿ ಮುದುಕಮ್ಮ ಅಂತ ಇಟ್ಟಿದ್ದರು. "ಏ ಮುದುಕೀ, ಕೋಲೆಲ್ಲಿ ಬೇ?" ಅಂತ ಕೇರಿಯೆಲ್ಲ ಕಾಡಿಸಿದರೆ ಆ ಕೂಸು ಜೋಳದ ದಂಟು ಊರಿಕೊಂಡು, ಸೊಂಟ ಬಗ್ಗಿಸಿ, ಕೆಮ್ಮಿಕೊಂತ ನಡೆದು ತೋರಿಸುತ್ತಿತ್ತು. ಹುಲಗಮ್ಮ ಮಗಳ ಮನೆಗೆ ಬಂದಾಗೆಲ್ಲ ಅದನ್ನು ನೋಡಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು. "ನನಗಿಂತ ಛಲೋ ಮುದುಕಿ ಆಗ್ಯಾಳ ನೋಡು, ನನ್ನ ಯವ್ವ!"

ಆ ಊರಿಗೇ ಬುಟ್ಟಿ ಒಯ್ಯಬೇಕು. ಹುಲಗಮ್ಮ ಚಾವಡಿಯ ಅಂಗಳದಲ್ಲಿ ಅಡ್ಡಬಿದ್ದಳು.

"ಬ್ಯಾರೆ ದಿಕ್ಕಿಗೆ ಒಯ್ತೀನ್ರಿ ಯಪ್ಪಾ. ಆ ಊರಾಗ ನನ್ನ ಮೊಮ್ಮಗಳು ಅದಾಳ್ರಿ."

ಗೌಡ ದೊಡ್ಡಬಸಪ್ಪ ಎಲೆ ಉಗುಳಿದ. "ಅಮ್ಮ ನಿನ್ನ ಬೀಗರ ಮನಿ ಕೇಳಿ ಹೋಗಾಕೇನಲೇ? ಮೂಡಣಕ್ಕ ಕಳಸಬೇಕು ಅಂತ ಅಯ್ಯನೋರು ಹೇಳ್ಯಾರ. ಎತ್ತು."

ಎತ್ತಿದಳು. ನಡೆದಳು. ಮರಳಿ ಸೀಮೆಯೊಳಗೆ ಬಂದ ಮೇಲೆ ಬಿಸಿಲಲ್ಲಿ ಬಿಟ್ಟು ಬರಲು ಮನಸ್ಸು ಒಪ್ಪಲಿಲ್ಲ. ಎಷ್ಟಾದರೂ ಅಮ್ಮ. ಕಾಲುವೆಯ ಏರಿಯ ಮೇಲೆ, ಹೊಂಗೆಯ ನೆರಳು ನೋಡಿ ಇಳಿಸಿದಳು. "ತಾಯೀ, ಇಲ್ಲೇ ತಂಪಾಗಿರು. ಊರೊಳಗ ಹೋಗಬ್ಯಾಡ" ಅಂತ ಕೈ ಮುಗಿದು ಬಂದಳು. ಆಮೇಲೆ ಎದ್ದ ಗಾಳಿ ಬುಟ್ಟಿಯನ್ನು ಕಾಲುವೆಗೆ ಉರುಳಿಸಿತು. ಅರಿವೆಗಳು ನೀರಲ್ಲಿ ಬಿಚ್ಚಿಕೊಂಡು ಹೋದವು. ಮರಳಿಯ ಕೇರಿ ಕುಡಿಯುತ್ತಿದ್ದದ್ದು ಅದೇ ಕಾಲುವೆಯ ನೀರು.

ಅಮಾವಾಸ್ಯೆ ದಾಟುವುದರೊಳಗೆ ಮುದುಕಮ್ಮ ಹೋದಳು. ಅವಳ ಅಪ್ಪನೂ ಹೋದ. ದುರಗಮ್ಮ ಬರಿಗೈಲಿ ತವರಿಗೆ ಬಂದು ತಾಯಿಯ ಮುಂದೆ ನಿಂತಳು.

"ಎಲ್ಲಿ ಇಳಿಸಿದೆ?"

"ನೆಳ್ಳಿಗೆ ಇಳಿಸಿದ್ನವ್ವಾ. ತಂಪಾಗಿರ್ಲಿ ಅಂತ."

"ನನ್ನ ಕೂಸನ್ನ ತಿಂದ್ಯಲ್ಲ."

ಅಷ್ಟೇ ಅಂದದ್ದು. ಅಂದಿನಿಂದ ಒಂದೇ ಗುಡಿಸಲಲ್ಲಿ ಇದ್ದರು, ಒಂದೇ ಮಡಕೆಯ ಅಂಬಲಿ ಕುಡಿದರು. ದುರಗಮ್ಮನ ಬಾಯಲ್ಲಿ ಮತ್ತೆ "ಅವ್ವಾ" ಅನ್ನುವ ಮಾತು ಬರಲಿಲ್ಲ. "ಉಣ್ಣು", "ಕುಡಗೋಲು ತಗೋ", "ಮಳಿ ಬಂತು" — ಹೀಗೆ ಕರೆಯದೇ ಕರೆಯುತ್ತಿದ್ದಳು.

ಗುದ್ದಲಿಗೆ ಕಲ್ಲು ಹತ್ತಿತು. ದುರಗಮ್ಮ ಬಾಗಿ ಕೈಯಿಂದ ಕಿತ್ತಳು. ಉಗುರು ಸೀಳಿತು. ಕಲ್ಲನ್ನು ನೋಡಿದಳು, ತಾಯಿಯಾಗಿದ್ದರೆ ಇದನ್ನೂ ಯಾವುದಾದರೂ ಕೆಲಸಕ್ಕೆ ಹಚ್ಚುತ್ತಿದ್ದಳು.

ಮೊಮ್ಮಗಳು ಹೋದ ಆ ವರ್ಷ ಹುಲಗಮ್ಮ ಅಳಲಿಲ್ಲ. ಬುಟ್ಟಿ ಹೊತ್ತದ್ದಕ್ಕೆ ಊರು ಕೊಟ್ಟ ಸೀರೆ ಮಡಿಕೆ ಬಿಚ್ಚದೆ ಬಿದ್ದಿತ್ತು. ಒಂದು ದಿನ ಅದನ್ನು ಅಂಗಳದಲ್ಲಿ ಹಾಸಿ ಕುಡುಗೋಲಿನಿಂದ ತುಂಡು ತುಂಡು ಮಾಡಿದಳು. ಮನೆಗೊಂದು ತುಂಡು ಹಂಚಿದಳು. "ಕೊಡದ ಬಾಯಿಗೆ ಕಟ್ಟ್ರಿ. ಸೋಸಿ ಕುಡೀರಿ."

"ಹೊಸಾ ಸೀರಿ ಹರದ್ಯಲ್ಲಬೇ ಹುಲಗಮ್ಮತ್ತಿ, ಹುಚ್ಚು ಹಿಡೀತೇನು?" ಅಂತ ನೆರೆಮನೆಯವಳು ಬಾಯಿ ಬಡಿದುಕೊಂಡಳು.

"ನಾ ಉಟ್ಟರ ಮೈ ಸುಡತೈತಿ. ನೀರಿಗೆ ಉಡಸ್ರಿ."

ಆಮೇಲೆ ಹಳ್ಳಕ್ಕೆ ಇಳಿದಳು. ಊರ ಬಾವಿಯ ಹತ್ತಿರ ಕೇರಿಯವರು ಸುಳಿಯುವಂತಿರಲಿಲ್ಲ; ಹಳ್ಳದ ಮರಳು ತೋಡಿ ಒರತಿಯ ನೀರು ತುಂಬಿಕೊಳ್ಳಬೇಕು. ಒಂದೇ ಗುಂಡಿಯಲ್ಲಿ ದನವೂ ಇಳಿಯುತ್ತಿತ್ತು, ಹೇಲು ಬಟ್ಟೆಯನ್ನೂ ಅದ್ದುತ್ತಿದ್ದರು. ಹುಲಗಮ್ಮ ಮೇಲ್ದಿಕ್ಕಿಗೆ ಹೊಸ ಒರತಿ ತೋಡಿ, ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿ, ಅದರ ಬಾಯಿಗೆ ಕಾವಲು ಕೂತಳು. ಮೇಲೆ ಕುಡಿಯುವುದು, ಕೆಳಗೆ ತೊಳೆಯುವುದು. ಯಾರ ಕೊಡ ಹೊಲಸಾಗಿದ್ದರೂ ಬೂದಿ ಹಚ್ಚಿ ತಿಕ್ಕಿಸಿಯೇ ಒಳಗೆ ಬಿಡುವಳು. ಹುಡುಗರು ಅವಳಿಗೆ ಫೌಜುದಾರ್ತಿ ಅಂತ ಹೆಸರಿಟ್ಟರು. "ಫೌಜುದಾರ್ತಿ ಬಂದ್ಳಲೇ, ಕೈ ತೊಳಕೊಳ್ರಿ!" ಅಂತ ಓಡುತ್ತಿದ್ದರು. ಸರಕಾರದ ಸೂಜಿ ಚುಚ್ಚುವ ಉಮರಸಾಬ ಕೇರಿಗೆ ಬಂದಾಗ ಮೀಸೆ ಹೊತ್ತ ಗಂಡಸರೆಲ್ಲ ಕಳ್ಳಿಸಾಲಿನ ಹಿಂದೆ ಅಡಗಿದರು. ಹುಲಗಮ್ಮ ಎಲ್ಲರ ಮುಂದೆ ಕೂತು ರಟ್ಟೆ ಚಾಚಿದಳು. "ಚುಚ್ಚಪ್ಪಾ ಸಾಬಾ. ಬಿಟ್ಟಿ ಹೊರಿ ಹೊತ್ತು ಹೊತ್ತು ಮರಗಟ್ಟಿದ ತೋಳು ಇದು, ನಿನ್ನ ಸೂಜಿ ಮುರದೀತು, ನೋಡಿಕೋ." ಕಳ್ಳಿಸಾಲಿನಿಂದ ಒಬ್ಬೊಬ್ಬರೇ ನಾಚಿಕೊಂಡು ಹೊರಬಂದರು.

ವರ್ಷಕ್ಕೊಮ್ಮೆ, ಮುದುಕಮ್ಮ ಹೋದ ಅಮಾವಾಸ್ಯೆಗೆ, ಸಲಿಕೆ ಹೆಗಲಿಗೇರಿಸಿ ಮರಳಿಗೆ ನಡೆಯುವಳು. ಕರೆದವರಿಲ್ಲ, ಕೂಲಿಯಿಲ್ಲ. ಆ ಹೊಂಗೆಯ ಮರದ ಕೆಳಗಿನ ಕಾಲುವೆಗೆ ಇಳಿದು ಹೊತ್ತು ಮುಳುಗುವ ತನಕ ಹೂಳು ಎತ್ತಿ ಬರುವಳು. ಎಲ್ಲಿಗೆ ಹೋಗುತ್ತಾಳೆ ಅಂತ ದುರಗಮ್ಮ ಕೇಳಲಿಲ್ಲ. ಎಲ್ಲಿಗೆ ಅಂತ ಗೊತ್ತಿತ್ತು.

ಒಂದು ಬೇಸಿಗೆ ಅಂದಪ್ಪ ಗೌಡರ ಎಮ್ಮೆಗಳನ್ನು ಒರತಿಯ ಮೇಲ್ದಿಕ್ಕಿಗೇ ಹೊಡೆದು ಮೈ ತೊಳೆಯಹತ್ತಿದ. ಹುಲಗಮ್ಮ ಮುಳ್ಳುಕೊಂಬೆ ಹಿಡಿದು ಎಮ್ಮೆಗಳನ್ನೂ ಓಡಿಸಿದಳು, ಅಂದಪ್ಪನನ್ನೂ ಓಡಿಸಿದಳು. ಚಾವಡಿಗೆ ಕರೆ ಬಂತು.

"ಹಳ್ಳ ನಿಮ್ಮಪ್ಪಂದೇನಲೇ, ರಂಡಿ?"

"ನಮ್ಮಪ್ಪಂದಲ್ರಿ. ನಿಮ್ಮಪ್ಪಂದೂ ಅಲ್ರಿ. ಮ್ಯಾಲಿನವಂದು."

ಗೌಡ ಕಣ್ಣಲ್ಲೇ ಸನ್ನೆ ಮಾಡಿದ. ಅಂದಪ್ಪ ಅವಳನ್ನು ಬಿಸಿಲಲ್ಲಿ ಬಗ್ಗಿಸಿ ನಿಲ್ಲಿಸಿ ಬೆನ್ನ ಮೇಲೆ ಒಂದು ಚಪ್ಪಡಿ ಏರಿಸಿದ. ಪೂಜೆಗೆ ಹೊರಟಿದ್ದ ಅಯ್ಯನವರು ಅವಳ ನೆರಳು ಪತ್ರಿಬುಟ್ಟಿಗೆ ಬಿದ್ದೀತೆಂದು ಸುತ್ತು ಹಾಕಿ ಹೋದರು. ದನ ಮನೆಗೆ ಬರುವ ಹೊತ್ತಿಗೆ ಅಂದಪ್ಪ "ಇಳಸು, ಹೋಗು" ಅಂದ.

ಹುಲಗಮ್ಮ ಇಳಿಸಲಿಲ್ಲ. "ಇಷ್ಟೊತ್ತು ಜೋಡಿ ಇದ್ದೀವಿ. ಬಿಟ್ಟು ಹೋದ್ರ ಕಲ್ಲಿಗೆ ಬ್ಯಾಸರಾಗತೈತ್ರಿ. ಒಯ್ಲೇನು?"

"ಒಯ್ಯಿ, ನಿನ್ನ ಗೋರಿ ಮ್ಯಾಲ ಹಾಕ್ಕೋ!"

ಬಗ್ಗಿದ ಬೆನ್ನ ಮೇಲೇ ಹೊತ್ತು ಹಳ್ಳಕ್ಕೆ ನಡೆದು, ಒರತಿಯ ಕೆಳಗಿನ ದಂಡೆಯಲ್ಲಿ ಕೆಡವಿದಳು. ಬಟ್ಟೆ ಒಗೆಯಲು ಕೇರಿಗೆ ಅಲ್ಲಿಯತನಕ ಕಲ್ಲೇ ಇರಲಿಲ್ಲ. ಅಂದಿನಿಂದ ಅದು ಗೌಡ್ರ ಕಲ್ಲು. "ಎಲ್ಲಿ ಹೊಂಟ್ಯವ್ವಾ?" "ಗೌಡ್ರ ಕಲ್ಲಿಗೆ ನಾಕು ಏಟು ಹಾಕಿ ಬರ್ತೀನವ್ವಾ." ಹೆಂಗಸರು ಬಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿಯೇ ಬಡಿಯುತ್ತಿದ್ದರು.

ಅಂದು ಸಂಜೆ ದುರಗಮ್ಮ ಉಪ್ಪು ಹುರಿದು ಗಂಟು ಕಟ್ಟಿ ತಾಯಿಯ ಬೆನ್ನಿಗೆ ಕಾವು ಕೊಟ್ಟಳು. ಎಷ್ಟೋ ವರ್ಷಗಳ ಮೇಲೆ ಆ ಮೈಯನ್ನು ಮುಟ್ಟಿದ್ದು. ಬೆನ್ನಮೂಳೆ ಸಾಲುಸಾಲಾಗಿ ಕೈಗೆ ಹತ್ತಿತು. "ಅವ್ವಾ" ಅನ್ನುವ ಮಾತು ಗಂಟಲ ತನಕ ಬಂದು ನಿಂತಿತು. ಮುದುಕಮ್ಮ ಕೋಲೂರಿಕೊಂಡು ಬಂದು ನಡುವೆ ಕೂತ ಹಾಗಾಯಿತು. ಮಾತು ಹಿಂದಕ್ಕೆ ಹೋಯಿತು.

ಮತ್ತೆ ಅಮ್ಮ ಬಂದದ್ದು ಈ ಸಲ. ದೂರದಲ್ಲೆಲ್ಲೋ ನಡೆದ ಯುದ್ಧಕ್ಕೆ ಅಂತ ನಿಜಾಮರ ಸರಕಾರ ಲೆವಿಯ ಹೆಸರಲ್ಲಿ ಜೋಳ ಎಳೆದುಕೊಂಡು ಹೋಗಿ ಕಾಳಿನ ಹಗೇವು ಬರಿದಾಗಿದ್ದವು. ಹಸಿದ ಊರಿಗೆ ಬ್ಯಾನಿ ಬೇಗ ಹತ್ತಿತು. ಊರ ಬಾವಿಯ ಸುತ್ತಲಿನ ಓಣಿಗಳಲ್ಲೇ ಮೊದಲು ಹೆಣ ಎದ್ದವು. ಗೌಡರ ಸೊಸೆ ಪಂಪಾವತಿಯ ಚೊಚ್ಚಲ ಗಂಡುಕೂಸು ಹೋಯಿತು. ಕೇರಿಯಲ್ಲಿ ಒಬ್ಬರೂ ಬ್ಯಾನಿ ಬಿದ್ದು ಮಲಗಲಿಲ್ಲ.

ಅದೇ ತಪ್ಪಾಯಿತು.

"ಊರೆಲ್ಲಾ ಸಾಯಾಕತ್ತೈತಿ. ನಿಮ್ಮ ಕೇರ್ಯಾಗ ಯಾಕ ಒಬ್ಬಾಕಿನೂ ಸಾಯವಲ್ಲಳು?" ಅಂತ ಗೌಡ ಚಾವಡಿಯಲ್ಲಿ ಗುಡುಗಿದ. ಮೊಮ್ಮಗನನ್ನು ಮಣ್ಣಿಗಿಟ್ಟು ಬಂದ ಕಣ್ಣು ಕೆಂಡವಾಗಿತ್ತು. "ಏನು ಮಾಟ ಮಾಡೀಯೇ ಹಲ್ಕಟ್ ಮುದುಕಿ?"

"ಮಾಟ ಅಲ್ರಿ ಯಪ್ಪಾ, ಸೋಸಿದ ನೀರು. ನಿಮ್ಮ ಬಾವಿ ಕಟ್ಟಿ ಒಡದೈತ್ರಿ, ಬಚ್ಚಲ ನೀರು ಒಳಗ ಇಳೀತೈತಿ. ಎಷ್ಟು ಸಲ ಅಂದಪ್ಪಗ ಹೇಳೀನಿ..."

"ಬಾಯಿ ಮುಚ್ಚು! ನಮ್ಮ ಬಾವಿ ಸುದ್ದಿ ಹೊಲಗೇರಿ ಬಾಯಾಗ ಬರಬಾರದು. ಎತ್ತು ಬುಟ್ಟಿ. ಮರಳಿ ಸೀಮಿ ದಾಟಸು."

ಹುಲಗಮ್ಮ ಬುಟ್ಟಿಯನ್ನು ನೋಡಿದಳು. ಆಮೇಲೆ ಅಂಗಳದ ಅಂಚಿನಲ್ಲಿ ನಿಂತಿದ್ದ ಮಗಳನ್ನು ನೋಡಿದಳು. ತಾನು ಹೊರದಿದ್ದರೆ ಅದು ಯಾರ ತಲೆಗೆ ಏರುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

"ಎತ್ತತೀನ್ರಿ. ನಿಮ್ಮೂರಿಂದ ಹೊರಗ ಒಯ್ತೀನಿ. ಇನ್ನೊಂದು ಊರಿನ ಒಳಗ ಒಯ್ಯಂಗಿಲ್ಲ."

"ಹಂಗಂದ್ರ?"

"ಹಂಗಂದ್ರ ಹಂಗ್ರಿ."

ವಾಡೆಯ ಬಾಗಿಲಲ್ಲಿ ಪಂಪಾವತಿ ಕೂಸಿನ ತಲೆಯ ಕುಂಚಿಗೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಹಸಿರು ಖಣದ ಕುಂಚಿಗೆ, ಅಂಚಿಗೆ ಸಣ್ಣ ಸಣ್ಣ ಕನ್ನಡಿ. "ಇದೊಂದು ಇರಲ್ರೀ ಮಾವಾರ," ಅಂದಳು. ಗೌಡ ಕಿತ್ತು ಬುಟ್ಟಿಗೆ ಒಗೆದ. ಹುಲಗಮ್ಮ ಅದನ್ನು ಮಡಿಚಿ, ಮೇಲೆ ಬೇವು ಮುಚ್ಚಿ, ತಲೆಗೇರಿಸಿದಳು.

ಗಡಿಕಲ್ಲಿನ ತನಕ ನಡೆದಳು. ಕಲ್ಲಿನ ಬುಡಕ್ಕೆ ಕೂತಳು. ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮುಂದೆ ಹೋಗಲಿಲ್ಲ. ಹಿಂದೆ ಬರದಂತೆ ಅಂದಪ್ಪ ಬದುವಿನ ಮೇಲೆ ಕಾವಲು ಕೂತ. ಅತ್ತ ಕಡೆ ಮರಳಿಯವರು ಬಡಿಗೆ ಹಿಡಿದು ಬಂದು ನಿಂತರು.

"ದಾಟಬ್ಯಾಡ ಮುದುಕಿ, ಕಾಲು ಮುರೀತೀವಿ!"

"ದಾಟಂಗಿಲ್ಲೋ ಯಪ್ಪಾ. ಒಮ್ಮೆ ದಾಟೀನಿ. ಸಾಕು."

ದುರಗಮ್ಮ ಸೋಸಿದ ನೀರು ತಂದಳು. "ಅದನ್ನ ಸುಟ್ಟು ಎದ್ದು ಬಾ" ಅಂದಳು.

"ತಾಯಿನ್ನ ಸುಡತಾರೇನ? ಎಲ್ಲಾರೂ ಆಕಿನ್ನ ಓಡಸೂದ ಮಾಡ್ಯಾರ. ಒಬ್ಬರರೆ ಕುಂದ್ರಿಸಿಕೋಬೇಕು. ನೀ ಕೊಡ ಅಲ್ಲೇ ಇಡು. ಹತ್ತರ ಬರಬ್ಯಾಡ."

ಬಿಸಿಲಿಗೆ ಕೂತಳು, ಗಾಳಿಗೆ ಕೂತಳು. ಯಾರು ಹಾದುಹೋದರೂ, "ನೀರು ಸೋಸಿ ಕುಡೀರಿ" ಅನ್ನುವಳು. ಆಮೇಲೆ ವಾಂತಿ ಹತ್ತಿತು. ಉಮರಸಾಬನ ಸೂಜಿ ಯಾವ ಕಾಲದ್ದೋ. ಅದರ ಕಾವಲು ಮುಗಿದಿತ್ತು. ದೂರದಲ್ಲಿ ಕೂತಿದ್ದ ದುರಗಮ್ಮನಿಗೆ ತಡೆಯಲಾಗಲಿಲ್ಲ. ಎದ್ದು ಓಡಿದಳು. ಬುಟ್ಟಿ ಸರಿಸಿ, ಆ ತಲೆಯನ್ನು ತನ್ನ ತೊಡೆಗೆ ಹಾಕಿಕೊಂಡಳು. ತಲೆ ಒಣಗಿದ ಬೆರಣಿಯಷ್ಟು ಹಗುರಾಗಿತ್ತು.

"ಅವ್ವಾ," ಅಂದಳು. "ಯವ್ವಾ. ಅವ್ವಾ ಬೇ."

ಹುಲಗಮ್ಮ ಕಣ್ಣು ತೆರೆದಳು. ಬಹಳ ಹೊತ್ತು ಮಗಳ ಬಾಯನ್ನೇ ನೋಡಿದಳು, ಅಲ್ಲಿಂದ ಏನೋ ಬಿದ್ದೀತು, ಹಿಡಿದುಕೊಳ್ಳಬೇಕು ಅನ್ನುವ ಹಾಗೆ.

"ನೆಳ್ಳಿಗೆ ಇಡಬಾರದಿತ್ತವ್ವಾ," ಅಂದಳು.

"ಹೋಗ್ಲಿ ಬಿಡವ್ವಾ."

"ನನ್ನ ಮುಟ್ಟೀದಿ." ಉಸಿರು ಎಳೆದಳು. "ಕೈ ತೊಳಕೋ ಮೊದ್ಲ."

ಅದೇ ಕಡೆಯ ಮಾತು.

ಕುಣಿ ಮುಗಿದಾಗ ಮೋಡದ ಹಿಂದೆ ಹೊತ್ತು ನೆತ್ತಿಗೆ ಬಂದಿತ್ತು. ಗಡಿಕಲ್ಲಿನ ಬುಡದಲ್ಲಿ, ತಲೆ ಮರಳಿಗೆ, ಕಾಲು ಮುತ್ತಲಗಡ್ಡಿಗೆ ಬರುವ ಹಾಗೆ ತೋಡಿದ್ದಳು. ದುರಗಮ್ಮ ಕೌದಿ ಸಮೇತ ತಾಯಿಯನ್ನು ಎತ್ತಿ ಇಳಿಸಿದಳು. ಮಣ್ಣು ಹಾಕಲು ಬಾಗಿದಾಗ ಅತ್ತ ಕಡೆಯಿಂದ ಹೆಜ್ಜೆ ಸಪ್ಪಳವಾಯಿತು. ಮರಳಿಯ ಸರ್ದಾರಬೀ, ಗಂಡನ ಮನೆಯಲ್ಲಿದ್ದಾಗ ಬಲ್ಲ ಮುಖ. ಮುದುಕಮ್ಮ ಹೋದ ವರ್ಷದ ಬುಟ್ಟಿ ಅವಳ ಇಬ್ಬರು ಮಕ್ಕಳನ್ನೂ ಒಯ್ದಿತ್ತು. ಅವಳ ಹಿಂದೆ ಮತ್ತೆ ನಾಲ್ಕಾರು ಹೆಂಗಸರು. ಎಲ್ಲರೂ ಕಲ್ಲಿನ ಆಚೆಗೇ ನಿಂತರು.

"ಮೊದಮೊದಲ ನಿಮ್ಮವ್ವ ಕಾಲಿವಿ ಹೂಳು ತಗಿಯಾಕ ಬಂದಾಗ ನಾ ಉಗುಳಿದ್ದೆ ದುರಗವ್ವಾ," ಅಂದಳು ಸರ್ದಾರಬೀ. "ಒರಸಿಕೊಂಡು ಮತ್ತ ಸಲಿಕಿ ಹಿಡದಳು. ಆಮ್ಯಾಗಾಮ್ಯಾಗ ನಾನೂ ಬಾಜೂಕ ಹೂಳಿನ ಬುಟ್ಟಿ ಹಿಡದು ನಿಂದ್ರತಿದ್ದೆ. ಮಾತಾಡ್ತಿದ್ದಿಲ್ಲ."

ಬಾಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಹಿಂದಿನವರೂ ಬಾಗಿದರು.

ಮಣ್ಣು ಮುಚ್ಚಿ ಆದ ಮೇಲೆ ದುರಗಮ್ಮ ಬೂದಿ ಹಚ್ಚಿ ಮೊಣಕೈ ತನಕ ಕೈ ತೊಳೆದುಕೊಂಡಳು. ಅಮ್ಮನಿಗೆ ಹಾಸಿದ್ದ ಬೇವು, ಅರಿಶಿನ, ಕುಂಕುಮ ಎಲ್ಲವನ್ನೂ ತಾಯಿಯ ತಲೆದೆಸೆಗೆ ಇಟ್ಟು ಕೈ ಮುಗಿದಳು. ಉಳಿದದ್ದನ್ನು ಎತ್ತಿಕೊಂಡು ಹಳ್ಳದ ದಂಡೆಗೆ ನಡೆದಳು. ದೂರದಲ್ಲಿ ಒಲೆ ಹೂಡಿ, ಬೂದಿನೀರಲ್ಲಿ ಬುಟ್ಟಿಯ ಅರಿವೆಗಳನ್ನೆಲ್ಲ ಕುದಿಸಿದಳು. ಕುದಿಸಿದ ನೀರನ್ನು ಹಳ್ಳಕ್ಕೆ ಚೆಲ್ಲದೆ ಗುಂಡಿ ತೋಡಿ ಹೂಳಿದಳು. ಗೌಡ್ರ ಕಲ್ಲಿಗೆ ಬಡಿದು ಒಗೆದು ಬೇಲಿಯ ಮೇಲೆ ಹಾಕಿದಳು. ಒಣಗಲು ಗಾಳಿ ಇರಲಿಲ್ಲ. ಕಾದಳು. ಒಣಗಿದ ಮೇಲೆ ಒಂದೊಂದನ್ನೂ ಮೊಣಕಾಲ ಮೇಲೆ ಹಾಸಿ ಮಡಿಚಿ, ತೊಳೆದ ಬುಟ್ಟಿಗಿಟ್ಟು, ತಲೆಗೇರಿಸಿ, ಊರ ಅಗಸಿಯ ಕಡೆ ತಿರುಗಿದಳು.

"ಏ ಏ ಏ! ಎಲ್ಲಿಗೇ?" ದೂರದಿಂದಲೇ ಅವಳ ಬೆನ್ನು ಹಿಡಿದು ಬಂದಿದ್ದ ಅಂದಪ್ಪ ಹಳ್ಳದ ಬದುವಿನಿಂದ ಎದ್ದ. ಅವಳು ನಿಲ್ಲಲಿಲ್ಲ. ಅವಳು ಒಂದು ಹೆಜ್ಜೆ ಮುಂದಿಟ್ಟರೆ ಅವನು ನಾಲ್ಕು ಹೆಜ್ಜೆ ಹಿಂದೆ ಸರಿದ. "ಬುಟ್ಟಿ ಬಂತ್ರಲೇ! ಬುಟ್ಟಿ ತಿರುಗಿ ಬಂತು!" ಅಂತ ಕೂಗುತ್ತ ಅವಳಿಗೆ ಮುಂಚೆ ಊರೊಳಗೆ ಓಡಿದ.

ಬಾಗಿಲುಗಳು ಧಡ ಧಡ ಮುಚ್ಚಿದವು. ಕೇರಿಯವರು ತಲೆ ತಗ್ಗಿಸಿ ಅಂಚಿನಲ್ಲಿ ನಡೆಯಬೇಕಾದ ಓಣಿಯ ನಟ್ಟನಡುವೆ ದುರಗಮ್ಮ ನಡೆದಳು. ಸಾವಾದ ಮನೆಗಳ ಹೊಸ್ತಿಲಲ್ಲಿ ಹೆಣ ಎತ್ತುವಾಗ ಹೊತ್ತಿಸಿದ್ದ ಕಟ್ಟಿಗೆಯ ಬೂದಿ ಇನ್ನೂ ಇತ್ತು, ಗುರುತು ಸಾಕು. ಒಂದು ಹೊಸ್ತಿಲಿಗೆ ಒಂದು ರುಮಾಲು, ಒಂದಕ್ಕೆ ಒಂದು ಕುಪ್ಪಸ. ಇಟ್ಟಳು, ಮುಂದೆ ನಡೆದಳು.

ವಾಡೆಯ ಕಟ್ಟೆಯ ಮೇಲೆ ಗೌಡ ಎದ್ದು ನಿಂತಿದ್ದ. "ಅಲ್ಲೇ ನಿಂದ್ರು! ಅಮ್ಮನ್ನ ತಿರುಗಿ ತಂದ್ಯಾ ಸೂಳಿ? ಚರ್ಮ ಸುಲಸ್ತೀನಿ!"

"ಅಮ್ಮ ಇದರಾಗಿಲ್ರಿ. ಅಮ್ಮನ್ನ ನಮ್ಮವ್ವ ಬಗಲಾಗ ಇಟಗೊಂಡು ಮಲಗ್ಯಾಳ. ಇವು ಬರೇ ಸತ್ತವರ ಅರಿವಿ. ನಿಮ್ಮವು."

"ಅಂದಪ್ಪಾ! ಹಿಡೀರಲೇ ಆಕಿನ್ನ!"

ಅಂದಪ್ಪ ಗೋಡೆಗೆ ಬೆನ್ನು ಹಚ್ಚಿದ. ಯಾರೂ ಹಿಡಿಯಲಿಲ್ಲ. ದುರಗಮ್ಮ ಕಡೆಗೆ ಉಳಿದಿದ್ದ ಕುಂಚಿಗೆಯನ್ನು ಕೈಗೆ ತೆಗೆದುಕೊಂಡು, ಖಾಲಿ ಬುಟ್ಟಿಯನ್ನು ಗೌಡನ ಕಾಲ ಮುಂದೆ ಬೋರಲು ಹಾಕಿದಳು.

"ಸೀರಿ, ಜ್ವಾಳ ಏನೂ ಬ್ಯಾಡ್ರಿ. ಇದನ್ನ ಹೊರೂ ತಲಿ ಇನ್ನ ನಮ್ಮ ಕೇರ್ಯಾಗಿಲ್ಲ."

ಗೌಡನ ಹಿಂದೆ ಬಾಗಿಲು ಸದ್ದಾಯಿತು. ಪಂಪಾವತಿ ಹೊರಗೆ ಬಂದಳು. "ಒಳಗ ನಡೀ!" ಅಂದ ಮಾವನ ಮಾತು ಕಿವಿಗೆ ಬೀಳದವಳ ಹಾಗೆ ಮೆಟ್ಟಿಲಿಳಿದು ಬಂದು ನಿಂತು, ಸೆರಗು ಒಡ್ಡಿದಳು.

ಕೇರಿಯವರಿಗೆ ಏನು ಕೊಟ್ಟರೂ ಕೈ ತಾಗದ ಹಾಗೆ ಮೇಲಿನಿಂದ ಸೆರಗಿಗೆ ಉದುರಿಸುವುದು ಆ ಮನೆಯ ಪದ್ಧತಿ. ದುರಗಮ್ಮ ಉದುರಿಸಲಿಲ್ಲ. ಒಡ್ಡಿದ ಸೆರಗಿನ ಕೆಳಗಿದ್ದ ಎರಡೂ ಕೈಗಳನ್ನು ಹಿಡಿದು ಹೊರಗೆ ತಂದು, ಅಂಗೈ ಬಿಡಿಸಿ, ಮಡಿಚಿದ ಕುಂಚಿಗೆಯನ್ನು ಅದರಲ್ಲಿ ಇಟ್ಟಳು. ಒಂದು ಕನ್ನಡಿ ಒಡೆದಿತ್ತು. ಬೂದಿನೀರಿನ ವಾಸನೆ ಇನ್ನೂ ಹೋಗಿರಲಿಲ್ಲ.